ಕಡಲು ಬಲಕ್ಕೆ ಬಂದ ಚಿತ್ರ

ಒಂದಾನೊಂದು ಕಾಲದಲ್ಲಿ ಕೂಸೇ, ನಮ್ಮ ಕಡಲು ದಾಟಿ ಇನ್ನೂ ಎರಡು ಕಡಲು ದಾಟಿದರೆ ಸಿಗೋ ಜಪಾನ್ ದೇಶದಲ್ಲಿ, ಮರದ ಅಚ್ಚಿನಿಂದ ಚಿತ್ರ ಒತ್ತೋ ಮನೆಯೊಂದಿತ್ತಂತೆ. ದೊಡ್ಡಣ್ಣ ಗೆನ್ಸುಕೆ ತೆಳು ಕಾಗದದ ಮೇಲೆ ಚಿತ್ರ ಬರೆಯೋನಂತೆ, ತಂಗಿ ಕಿನು ಅದನ್ನ ಹಲಗೆಗೆ ಅಂಟಿಸೋಳಂತೆ, ಚಿಕ್ಕಣ್ಣ ತೋಹಾಚಿ ಗೆರೆ ಗೆರೆಗೂ ಉಳಿ ಹಾಕಿ ಕೆತ್ತೋನಂತೆ, ಆಮೇಲೆ ಕಿನುನೇ ಬಣ್ಣ ಬಳಿದು, ಕಾಗದ ಹಾಸಿ ಉಜ್ಜೋಳಂತೆ. ಚಿತ್ರದ ಮೂಲೆಯಲ್ಲಿ ಹೆಸರು ಮಾತ್ರ ಅಣ್ಣಂದಿರದು. ಉಜ್ಜೋಳಿಗೆ ಯಾತರ ಹೆಸರು ಅಂತ ಅವರು ನಗೋರಂತೆ. ಕಿನು ತನ್ನ ಪಾಡಿಗೆ ಬಣ್ಣ ಕಲಸೋಳು.

ಆ ದೇಶದ ಮುದಿರಾಣಿ ಮೂರು ವರ್ಷದಿಂದ ನಕ್ಕೇ ಇರಲಿಲ್ಲವಂತೆ. ದಿನವಿಡೀ ಕಿಟಕಿಯಿಂದ ದಾರಿ ನೋಡ್ತಾ ಕೂರೋಳು. ಯಾಕಮ್ಮಾ ಅಂದರೆ ಹೇಳೋಳಲ್ಲ. ಮದುವೆಯಾಗಿ ಬಂದ ದಾರಿ ನೆನೀತಾಳೆ ಅಂದುಕೊಂಡ ಮಗ, ಅಂದರೆ ರಾಜ, ಆ ದಾರೀದೇ ಮೂರು ಚಿತ್ರ ಮಾಡಿಕೊಡಿ ಅಂತ ಈ ಮನೆಗೆ ಹೇಳಿ ಕಳಿಸಿದನಂತೆ. ಅಣ್ಣಂದಿರು ತಂಗಿಗೆ, ಈ ಸಲ ಏನಾದರೂ ಕೆಡಿಸಿದೆಯೋ, ಬಣ್ಣದ ಬಟ್ಟಲು ಕಿತ್ತುಕೊಂಡು ಒಲೆ ಮುಂದೆ ಕೂರಿಸ್ತೀವಿ ಅಂದರಂತೆ. ಬಣ್ಣ ಬಿಟ್ಟರೆ ಕಿನುಗೆ ಉಸಿರೇ ಇಲ್ಲ.

ಮೊದಲನೇದು ದಾರಿಬದಿಯ ಚಹಾದಂಗಡಿ. ಚೆನ್ನಾಗಿದೆ ಅಂತ ರಾಣಿ ಆಕಳಿಸಿದಳಂತೆ. ಎರಡನೇದು, ಆಳುಗಳು ಜನರನ್ನ ಹೆಗಲ ಮೇಲೆ ಹೊತ್ತು ಹೊಳೆ ದಾಟಿಸೋದು. ನನ್ನ ಹೊತ್ತವನು ಕುಳ್ಳ, ಕಾಲೆಲ್ಲ ಒದ್ದೆ ಮಾಡಿದ ಅಂದಳಂತೆ. ನಗಲಿಲ್ಲ.

ಆಮೇಲೆ ಮೂರನೇದು. ಎಡಕ್ಕೆ ಕಡಲು, ಬಲಕ್ಕೆ ಬೆಟ್ಟ, ನಡುವೆ ನಮಗೆ ಬೆನ್ನು ಮಾಡಿ ಹೊರಟ ಮದುಮಗಳ ಪಲ್ಲಕ್ಕಿ. ಚಿತ್ರದ ಮುಖ ಕೆಳಗೆ ಮಾಡಿ ಅಂಟಿಸಬೇಕು ಕೂಸೇ, ಕೆತ್ತಿದ್ದು ತಿರುವುಮುರುವಾದರೇ ಒತ್ತಿದ್ದು ನೆಟ್ಟಗೆ ಬರೋದು. ಇಷ್ಟು ಚೆಂದದ ಮುಖಾನ ಅಂಟಿನಲ್ಲಿ ಹೇಗಪ್ಪಾ ಮುಚ್ಚಲಿ ಅಂತ ನೋಡ್ತಾ ನೋಡ್ತಾ ಕಿನು ಮುಖ ಮೇಲೆ ಮಾಡಿಯೇ ಅಂಟಿಸಿಬಿಟ್ಟಳಂತೆ. ತೋಹಾಚಿ ಹಾಗೇ ಕೆತ್ತಿದ. ಕೆತ್ತೋನಿಗೆ ಗೆರೆ ಕಾಣುತ್ತೆ, ಚಿತ್ರ ಕಾಣುತ್ಯೇ? ಒತ್ತಿ ಕಾಗದ ಎತ್ತಿದರೆ ಕಡಲು ಬಲಕ್ಕೆ ಬಂದು ಕೂತಿದೆ. ಚಿತ್ರ ಒಯ್ಯೋಕೆ ಬಾಗಿಲಲ್ಲಿ ಆಗಲೇ ಅರಮನೆಯ ಆಳು. ನೀನೇ ಹೋಗು, ನೀನೇ ಬೈಸಿಕೋ ಅಂತ ಅಣ್ಣಂದಿರು ತಂಗೀನೇ ಕಳಿಸಿದರಂತೆ.

ರಾಣಿ ಚಿತ್ರ ನೋಡಿದಳು, ಕತ್ತು ಓರೆ ಮಾಡಿ ಇನ್ನೊಮ್ಮೆ ನೋಡಿದಳು. ಕಡಲು ನನ್ನ ಎಡಕ್ಕಿತ್ತಲ್ಲೇ ಹುಡುಗಿ, ಬಲಕ್ಕೆ ಯಾರು ತಂದಿಟ್ಟರು ಅಂದಳಂತೆ. ಕಿನು ತಲೆ ಬಗ್ಗಿಸಿ, ತಪ್ಪು ನಂದೇ, ಅಣ್ಣಂದಿರದಲ್ಲ ಅಂದಳಂತೆ.

ರಾಣಿಗೆ ಅದು ಕೇಳಿಸಲೇ ಇಲ್ಲ. ಬಲಗೈ ಒಮ್ಮೆ ಚಾಚಿದಳು, ಎಡಗೈ ಒಮ್ಮೆ ಚಾಚಿದಳು.

"ಕಡಲು ಬಲಕ್ಕೆ ಬಂತು ಅಂದರೆ ಪಲ್ಲಕ್ಕಿ ವಾಪಸ್ ಹೊರಟಿದೆ ಕಣೇ. ಇದು ನನ್ನ ತವರಿನ ದಾರಿ."

ಅಂದವಳೇ ಹಲ್ಲಿಲ್ಲದ ಬಾಯಿ ತುಂಬ ನಕ್ಕಳಂತೆ. ಅರಮನೆಗೆ ಬಂದ ಸೊಸೆ ತವರಿನ ಹೆಸರೆತ್ತಬಾರದು ಅಂತ ಅಲ್ಲಿ ಕಟ್ಟಳೆ. ಅರವತ್ತು ವರ್ಷ ಅವಳು ಎತ್ತಿರಲಿಲ್ಲ. ರಾಜನಿಗೆ ನಾಚಿಕೆಯಾಯ್ತು. ಕಟ್ಟಳೆ ಮುರಿದ, ಅವತ್ತೇ ಪಲ್ಲಕ್ಕಿ ತರಿಸಿದ. ದಾರಿಯುದ್ದಕ್ಕೂ ಕಡಲು ರಾಣಿಯ ಬಲಕ್ಕೇ ಇತ್ತಂತೆ, ಪಕ್ಕದಲ್ಲಿ ಕಿನು, ಮಡಿಲಲ್ಲಿ ಬಣ್ಣದ ಬಟ್ಟಲು. ತವರಲ್ಲಿ ರಾಣಿಯ ತಂಗಿ, ಅವಳೂ ಹಣ್ಣು ಮುದುಕಿ, ಇಷ್ಟು ಹೊತ್ತು ಮಾಡ್ತಾರೇನೇ ಅಕ್ಕಾ ಅಂತ ಬೈದು ಒಳಗೆ ಕರಕೊಂಡಳಂತೆ.

ಆಮೇಲೆ ಆ ಮನೆಯ ಚಿತ್ರಕ್ಕೆಲ್ಲ ಮೂರು ಹೆಸರು. ಮೂರನೇ ಹೆಸರು ಕಿನುದು, ಅದನ್ನ ಕೆತ್ತುವಾಗ ತೋಹಾಚಿ ಕಾಗದಾನ ಮೂರು ಸಲ ತಿರುಗಿಸಿ ನೋಡಿದನಂತೆ.

ರಾಣಿ ತವರು ಸೇರಿದಳು, ಕತೆ ಮುಗೀತು. ನೀನೂ ಬಲಮಗ್ಗುಲಿಗೆ ತಿರುಗಿ ಮಲಕ್ಕೋ ಕೂಸೇ, ಕಡಲು ಕಾಣುತ್ತೆ.