ಪೇಟೆಯ ಪುಸ್ತಕದಲ್ಲಿ ಬಳೆಗಾರನ ಹೆಸರು

"ಗುರುಗಳೇ, ಹೆಸರು ಕೆಟ್ಟವನು ಎಲ್ಲಿಗೆ ಹೋಗಿ ಮುಖ ಮುಚ್ಚಿಕೊಳ್ಳಬೇಕು?" ಎಂದು ಶಿಷ್ಯ ಕೇಳಿದ. ಕೇಳುವಾಗ ತಲೆ ಎತ್ತಲಿಲ್ಲ.

ಗುರುಗಳು ಹೇಳಿದರು:

ಒಂದು ಪೇಟೆಯಲ್ಲಿ ಮಾಳಪ್ಪನೆಂಬ ಬಳೆಗಾರನಿದ್ದ. ಅಲ್ಲಿನ ವರ್ತಕರೆಲ್ಲ ಸೇರಿ ಒಂದು ಪುಸ್ತಕ ಇಟ್ಟಿದ್ದರು. ಯಾರು ಸಾಲ ತಂದರು, ಯಾರು ತೀರಿಸಿದರು, ಯಾರು ತೀರಿಸಲಿಲ್ಲ, ಎಲ್ಲವೂ ಅದರಲ್ಲಿರುತ್ತಿತ್ತು. ಅದನ್ನು ನೋಡದೆ ಯಾರೂ ಸಾಲ ಕೊಡುತ್ತಿರಲಿಲ್ಲ.

ಮದುವೆಯ ಕಾಲ ಬಂತು. ಮಾಳಪ್ಪ ಒಬ್ಬ ಸಗಟು ವ್ಯಾಪಾರಿಯ ಹತ್ತಿರ ಬಳೆಗಳನ್ನು ಸಾಲವಾಗಿ ಕೇಳಿದ. ವ್ಯಾಪಾರಿ ಪುಸ್ತಕ ನೋಡಿಸಿ, ಗಿರಾಕಿಗಳ ಎದುರಿಗೇ, "ನಿನ್ನ ಹೆಸರಿನ ಮುಂದೆ ಮೂರು ಬಾಕಿ ಇವೆಯಲ್ಲಪ್ಪ" ಎಂದ. ಮಾಳಪ್ಪನ ಕಿವಿ ಬಿಸಿಯಾಯಿತು. ಯಾವ ಮೂರು ಎಂದು ಕೇಳದೆಯೇ ಅಂಗಡಿಯಿಂದ ಇಳಿದ. ಮನೆಗೆ ಹೋಗಿ ಹೆಂಡತಿಗೆ, "ಮಾಲು ಚೆನ್ನಾಗಿರಲಿಲ್ಲ, ಬಿಟ್ಟು ಬಂದೆ" ಎಂದು ಸುಳ್ಳು ಹೇಳಿದ.

ಅಂದಿನಿಂದ ಅವನು ಹಿಂದಿನ ಓಣಿಯಲ್ಲೇ ಓಡಾಡಿದ. ದಲ್ಲಾಳಿಯೊಬ್ಬ ಸಿಕ್ಕಿ, ಆ ಪುಟವನ್ನೇ ಕಿತ್ತು ಹಾಕಿಸುತ್ತೇನೆಂದು ಹಣ ಈಸಿಕೊಂಡು ನಾಪತ್ತೆಯಾದ. ನಾಚಿಕೆಯಿಂದ ಅದನ್ನೂ ಯಾರಿಗೂ ಹೇಳಲಿಲ್ಲ. ಎರಡು ವರ್ಷ ವ್ಯಾಪಾರವಿಲ್ಲದೆ ಕಳೆಯಿತು. ಹೆಂಡತಿ ಕೂಲಿಗೆ ಹೊರಟ ದಿನ ಅವನಿಗೆ ಮನೆಯಲ್ಲಿ ಕೂರಲಾಗಲಿಲ್ಲ. ಪುಸ್ತಕದ ಗುಮಾಸ್ತನ ಎದುರು ಹೋಗಿ ನಿಂತು, ನನ್ನ ಹೆಸರಿನಲ್ಲಿರುವುದನ್ನು ಓದಿ ಹೇಳಿ ಎಂದ.

ಗುಮಾಸ್ತ ಓದಿದ. ಮೊದಲನೆಯ ಬಾಕಿ ಪಕ್ಕದೂರಿನ ಇನ್ನೊಬ್ಬ ಮಾಳಪ್ಪನದು. ಎರಡನೆಯದು ಎಂದೋ ತೀರಿಸಿದ್ದು, ಹೊಡೆದುಹಾಕಲು ಮರೆತಿದ್ದರು. ಮಾಳಪ್ಪ ಮನೆಗೆ ಓಡಿ ರಸೀದಿ ತಂದ. ವಿಚಾರಿಸಿ ನೋಡಿ ಗುಮಾಸ್ತ ಎರಡನ್ನೂ ಹೊಡೆದುಹಾಕಿದ. ಮೂರನೆಯದನ್ನು ಓದಿದಾಗ ಮಾಳಪ್ಪ ನೆಲ ನೋಡಿದ. ಬಳೆ ಮಾಡುವ ಮುದುಕಿಯೊಬ್ಬಳಿಂದ ತಂದ ಮಾಲು ಅದು. ಕೈಯಲ್ಲಿ ಹಣವಿದ್ದಾಗಲೂ ಇವತ್ತು ನಾಳೆ ಎಂದು ಅವಳನ್ನು ಅಲೆಸಿದ್ದ.

"ಇದು ನನ್ನದೇ. ಇದನ್ನೂ ಹೊಡೆದುಹಾಕಬಾರದೇ?"

"ನಿಜವನ್ನು ಹೊಡೆಯಲು ಬರುವುದಿಲ್ಲ. ನೀನು ತೀರಿಸಿದರೆ, ತೀರಿಸಿದ ಎಂದು ಕೆಳಗೆ ಬರೆಯುತ್ತೇನೆ. ಏಳು ವರ್ಷವಾದ ಮೇಲೆ ಹೊಸ ಪುಸ್ತಕಕ್ಕೆ ಇಳಿಸುವುದಿಲ್ಲ, ತಾನಾಗಿ ಬಿಟ್ಟುಹೋಗುತ್ತದೆ."

ಮಾಳಪ್ಪ ಇದ್ದಷ್ಟು ಹಣ ಹಿಡಿದು ಮುದುಕಿಯ ಮನೆಗೆ ಹೋದ. ಬೈಯುತ್ತಾಳೆಂದು ಬಾಗಿಲಲ್ಲೇ ನಿಂತ. ಮುದುಕಿ ಹಣ ಎಣಿಸಿಕೊಂಡು, "ಬಿಸಿಲಲ್ಲಿ ಬಂದಿದ್ದೀಯ, ನೀರು ಕುಡಿ" ಎಂದಳು. ಉಳಿದದ್ದನ್ನು ತೀರಿಸಲು ಎಂಟು ತಿಂಗಳು ಹಿಡಿಯಿತು. ಆಮೇಲೆ ಸಗಟು ವ್ಯಾಪಾರಿ ಆ ಬಾಕಿಯನ್ನು ಓದಿದ, ಅದರ ಕೆಳಗೆ ಬರೆದದ್ದನ್ನೂ ಓದಿದ, ಕೇಳಿದ್ದರಲ್ಲಿ ಅರ್ಧ ಮಾಲು ಕೊಟ್ಟ.

ಗುರುಗಳು ಮಾತು ನಿಲ್ಲಿಸಿದರು.

"ನನ್ನ ಹೆಸರಿನ ಮುಂದೆಯೂ ಬರೆದಿದ್ದಾರಂತೆ, ಗುರುಗಳೇ" ಎಂದು ಶಿಷ್ಯ ಮೆಲ್ಲಗೆ ಹೇಳಿದ.

"ಓದಿ ಬಂದೆಯೋ, ಅಂಜಿ ಬಂದೆಯೋ?"

ಶಿಷ್ಯ ಎದ್ದು, ಓದಿ ಬರಲು ಹೊರಟ.