ದುರುಗವ್ವನ ಅಂಗಳದ ಕೋತಿ

ಕಾಲು ಚಾಚು, ಕಣ್ಣು ಮುಚ್ಚು, ಕಿವಿ ಮಾತ್ರ ಇತ್ತ ಕೊಡು. ಒಂದಾನೊಂದು ಕಾಲದಲ್ಲಿ ಕಲ್ಲುಗುಡ್ಡದ ಕೆಳಗೆ ಹೆಂಚಿನ ಮನೆಗಳ ಒಂದೂರಿತ್ತಂತೆ, ಅಲ್ಲಿ ದುರುಗವ್ವ ಅಂತ ಒಬ್ಬಳಿದ್ದಳಂತೆ. ಮೂರು ಸಲ ಬಸುರಾದಳು, ಮೂರು ಸಲವೂ ತೊಟ್ಟಿಲು ಕಟ್ಟೋಕೆ ಮುಂಚೇನೇ ಕೂಸನ್ನ ಮಣ್ಣಿಗೆ ಕೊಟ್ಟು ಬಂದಳು.

ಒಂದು ದಿನ ಸತ್ತ ಮರಿಯನ್ನ ಎದೆಗೆ ಅವುಚಿಕೊಂಡ ಹೆಣ್ಣು ಕೋತಿ ಅವಳ ಅಂಗಳಕ್ಕೆ ಬಂತಂತೆ. ಇವಳು ಅದನ್ನ ನೋಡಿದಳು, ಅದು ಇವಳನ್ನ ನೋಡಿತು, ಅಷ್ಟೇ. ಮುದ್ದೆ ಮುರಿದು ಇಟ್ಟಳು, ಆಮೇಲೆ ಚೆಲುವಿ ಅಂತ ಹೆಸರಿಟ್ಟಳು, ಆಮೇಲೆ ದಿನಾ ಮಧ್ಯಾಹ್ನ ಅದನ್ನ ಮಡಿಲಲ್ಲಿ ಮಲಗಿಸಿಕೊಂಡು ಹೇನು ನೋಡೋಕೆ ಶುರು ಮಾಡಿದಳಂತೆ. ಗಂಡ ಮಾರಪ್ಪ ಜಗಲಿ ಮೇಲೆ, ಕೋತಿ ಚಾಪೆ ಮೇಲೆ ಅಂತ ನೀರು ಸೇದೋ ಹೆಂಗಸರು ಬಾಯಿಗೆ ಸೆರಗಿಟ್ಟು ನಗ್ತಿದ್ದರಂತೆ. ಅದಕ್ಕೆ ಎಣ್ಣೆನೀರು ಹಾಕ್ತಾಳೆ ಅಂತಲೂ ಅಂದ್ರು. ಸುಳ್ಳಿರಬಹುದು, ಆದ್ರೂ ಕೇಳೋಕೆ ಚೆನ್ನಾಗಿತ್ತು.

ಚೆಲುವಿ ಹಿಂದೆ ಗುಡ್ಡದಿಂದ ಕೋತಿ ಹಿಂಡೇ ಇಳೀತು. ಮೊದಲು ಕುಂಬಾರನ ಮನೆ ಹೆಂಚು ಪುಡಿಯಾಯ್ತು, ಆಮೇಲೆ ನಿಂಗಮ್ಮ ಬಿಸಿಲಿಗೆ ಹಾಕಿದ ಸಂಡಿಗೆ ಖಾಲಿಯಾಯ್ತು, ಊರೆಲ್ಲ ಬೇವಿನ ಕಟ್ಟೆಗೆ ಸೇರಿತಂತೆ. ದುರುಗವ್ವ ಸೊಂಟಕ್ಕೆ ಸೆರಗು ಸಿಕ್ಕಿಸಿ ನಿಂತಳು.

"ನನ್ನ ಮುದ್ದೆ, ನನ್ನ ಅಂಗಳ. ನಿಮ್ಮಪ್ಪನ ಮನೇದು ಏನಾದ್ರೂ ಇಕ್ಕಿದ್ನಾ?"

"ಉಣ್ಣೋದು ನಿನ್ನ ಅಂಗಳದಲ್ಲೇ ಕಣವ್ವ, ಕುಣಿಯೋದು ನಮ್ಮ ತಲೆ ಮೇಲೆ," ಅಂದಳಂತೆ ನಿಂಗಮ್ಮ.

ಅವಳು ಇಕ್ಕೋದಕ್ಕೆ ಅಡ್ಡ ಬರೋಕೆ ನಾವ್ಯಾರು ಅಂತ ಅರ್ಧ ಊರು, ಹಿಂಡಿಗೆ ವಿಷ ಇಡಿ ಅಂತ ಇನ್ನರ್ಧ. ಊರ ಗೌಡ ಮೀಸೆ ತಿರುವಿದ, ಆಮೇಲೆ ಎಲ್ಲಾರೂ ಎದ್ದು ಹೋದರಂತೆ, ಉಣ್ಣೋ ಹೊತ್ತಾಗಿತ್ತು ನೋಡು.

ಹೆಂಚು, ಸಂಡಿಗೆ ಆದ ಮೇಲೆ ಮೂರನೇ ಹಾವಳಿ ಬಂತು. ಪಕ್ಕದ ಮನೆ ಹೊನ್ನಿ ಹಿತ್ತಲಲ್ಲಿ ಕೂಸನ್ನ ಜೋಲಿಗೆ ಹಾಕಿ ರಾಗಿ ಬೀಸ್ತಿದ್ದಳು, ತಿರುಗಿ ನೋಡಿದ್ರೆ ಜೋಲಿ ಖಾಲಿ. ಚೆಲುವಿ ಕೂಸನ್ನ ಎತ್ಕೊಂಡು ಮನೆ ನೆತ್ತಿ ಮೇಲೆ ಕೂತಿತ್ತು, ಅವತ್ತು ಸತ್ತ ಮರಿಯನ್ನ ಅವುಚಿಕೊಂಡಿದ್ದ ಹಾಗೇ. ಜನ ಕಲ್ಲು ಎತ್ತಿದ್ರು. ಕಲ್ಲು ಬಿದ್ರೆ ಕೂಸೂ ಬೀಳುತ್ತೆ ಕಣ್ರೋ ಅಂತ ದುರುಗವ್ವ ಎಲ್ಲಾರನ್ನೂ ತಡೆದು, ಏಣಿ ಹತ್ತಿ, ಹೆಂಚಿನ ಮೇಲೆ ಕಾಲು ಚಾಚಿ, ದಿನಾ ಕೂರೋ ಹಾಗೇ ಮಡಿಲು ಹರಡಿ ಕೂತಳಂತೆ. ಚೆಲುವಿ ಮೆಲ್ಲಗೆ ಬಂದು ಆ ಮಡಿಲಿಗೆ ಒರಗಿತು. ದುರುಗವ್ವ ಅದರ ತಲೆ ಸವರ್ತಾ ಸವರ್ತಾ ಕೂಸನ್ನ ಬಿಡಿಸಿಕೊಂಡು, ಏಣಿ ಮೇಲೆ ನಿಂತಿದ್ದ ಹೊನ್ನಿ ಕೈಗೆ ಕೊಟ್ಟಳು. ಚೆಲುವಿ ತನ್ನ ಬರಿಗೈ ನೋಡ್ಕೊಂಡಿತಂತೆ. ಆ ನೋಟ ದುರುಗವ್ವನಿಗೆ ಹೊಸದಲ್ಲ.

ಇಳಿದು ಬಂದವಳು ಯಾರೂ ಕೇಳದೆ ತಾನೇ ಹೇಳಿದಳು. "ಮುದ್ದೆ ಇಕ್ಕೋದು ಬಿಡಲ್ಲ. ಊರೊಳಗೆ ಇಕ್ಕಲ್ಲ."

"ನಿನ್ನ ಕೈ ನಾವು ಹಿಡಿಯಲ್ಲ ತಾಯಿ," ಅಂದನಂತೆ ಗೌಡ, "ಊರ ಕೂಸುಗಳ ಜೋಲಿ ಮಾತ್ರ ನಾವು ಕಾಯಲೇಬೇಕು." ವಿಷದ ಮಾತು ಅಲ್ಲಿಗೇ ನಿಂತಿತು.

ಆಮೇಲೆ ದಿನಾ ಬುಟ್ಟಿ ಹೊತ್ತು ಗುಡ್ಡ ಹತ್ತಿ, ಬಂಡೆ ಮೇಲೆ ಮುದ್ದೆ ಇಟ್ಟು, ತಿರುಗಿ ನೋಡದೆ ಬರ್ತಿದ್ದಳಂತೆ. ನೋಡಿದ್ರೆ ಚೆಲುವಿ ಹಿಂದೇನೇ ಬರುತ್ತಲ್ಲ. ಮಧ್ಯಾಹ್ನ ಆದ್ರೆ ಸಾಕು, ಅಂಗಳದಲ್ಲಿ ಕಾಲು ಚಾಚಿ ಗುಡ್ಡ ನೋಡ್ತಾ ಕೂತಿರೋಳು. ಅದನ್ನ ನೋಡೋಕಾಗದೆ ಹೊನ್ನಿ "ಹಿಡ್ಕೋ, ನನಗೆ ರಾಗಿ ಬೀಸೋದಿದೆ" ಅಂತ ಕೂಸನ್ನ ತಂದು ಆ ಮಡಿಲಿಗೆ ಹಾಕಿ ಹೋದಳು, ಮಾರನೇ ದಿನವೂ ತಂದು ಹಾಕಿದಳು. ಅಷ್ಟು ರಾಗಿ ಯಾರ ಮನೇಲೂ ಇರಲಿಲ್ಲ ಅನ್ನು. ಮಾರಪ್ಪನಿಗೂ ಚಾಪೆ ಸಿಕ್ಕಿತಂತೆ.

ಮುಂದಿನ ಸುಗ್ಗಿಗೆ ಚೆಲುವಿ ಹೊಟ್ಟೆಗೆ ಹೊಸ ಮರಿ ಅಂಟಿಸಿಕೊಂಡು ಬಂಡೆ ಮೇಲೆ ಕೂತಿತ್ತಂತೆ. ದುರುಗವ್ವ ಅಂಗಳದಿಂದಲೇ ಹೊನ್ನಿ ಕೂಸನ್ನ ಮೇಲೆತ್ತಿ ತೋರಿಸಿದಳು. ಇವಳು ಕರೀಲಿಲ್ಲ, ಅದು ಇಳೀಲಿಲ್ಲ.

ಗುಡ್ಡದ ಮರಿ ಗುಡ್ಡದಲ್ಲಿ ಮಲಗಿತು, ಊರ ಕೂಸು ಊರಲ್ಲಿ ಮಲಗಿತು, ಅಲ್ಲಿಗೆ ಕತೆ ಮುಗೀತು, ನೀನೂ ಮಲಕ್ಕೋ.