ಸಣ್ಣೀರಮ್ಮನ ಮಡಿಲು

ಬಲು ಹಿಂದೆ, ಮೋಟಾರು ಇನ್ನೂ ಈ ಕಡೆ ಮೂತಿ ತೋರಿಸದ ಕಾಲದಲ್ಲಿ, ಜಾರುಬಂಡೆ ಅನ್ನೋ ಒಂದೂರಲ್ಲಿ ಸಣ್ಣೀರಮ್ಮ ಅಂತ ಒಬ್ಬಳಿದ್ದಳಂತೆ. ಕೂತು ಕೇಳ್ರಪ್ಪಾ, ನಡುವೆ ಬಾಯಿ ಹಾಕಬ್ಯಾಡಿ. ಊರ ದಾರಿ ಗುಡ್ಡದ ಮೇಲಿಂದ ಇಳೀತಿತ್ತಂತೆ. ಬುಡದಲ್ಲಿ ಗಕ್ಕನೆ ತಿರುಗಬೇಕು, ತಿರುಗದಿದ್ದರೆ ಬಂಡೆಗೇ ಹಣೆ. ಸಣ್ಣೀರಮ್ಮನ ಗಂಡ ಗಾಡಿ ಸಮೇತ ಅಲ್ಲೇ ಹೋದನಂತೆ.

ಗಂಡನ್ನ ಮಣ್ಣು ಮಾಡಿ ಬಂದವಳು ಏನು ಮಾಡಿದಳು ಅಂತೀರಾ? ಹಿತ್ತಲಲ್ಲಿದ್ದ ರಾಗಿಹುಲ್ಲಿನ ಬಣವೆ ಕೆಡವಿ, ಹೊರೆ ಹೊರೆ ಹೊತ್ತು ಆ ಬಂಡೆ ಮುಂದೆ ಒಟ್ಟಿದಳಂತೆ! ಮನೇಲಿದ್ದ ಒಂದೇ ಎಮ್ಮೆಗೆ ವರ್ಷವೆಲ್ಲಾ ಅದೇ ಮೇವು. ಊರ ಗೌಡ ಬಂದು, ಮೂಕಪ್ರಾಣಿ ಹೊಟ್ಟೆ ಮೇಲೆ ಹೊಡೀತೀಯಲ್ಲೇ, ನಿಂಗೇನು ತಲೆ ಕೆಟ್ಟೈತಾ ಅಂತ ಬೈದನಂತೆ. ನನ್ನ ಕಣ್ಣೀರು ಇನ್ನೊಬ್ಬಳಿಗೆ ಬ್ಯಾಡ ಗೌಡ್ರೇ ಅಂದಳಂತೆ. ಬಡಕಲಾದ ಎಮ್ಮೆಯ ಬೆನ್ನು ಸವರುತ್ತಾ ಕೂರುತ್ತಿದ್ದಳಂತೆ. ಆದರೂ ಹುಲ್ಲು ವಾಪಸ್ಸು ತರಲಿಲ್ಲ.

ಒಂದಿನ ಅದೇ ಗೌಡನ ಮಗಳು ಕರಿಯಕ್ಕ, ತುಂಬಿದ ಬಸುರಿ, ಹೆರಿಗೆಗೆ ತವರಿಗೆ ಬರುತ್ತಿದ್ದಳಂತೆ. ಇಳಿಜಾರಲ್ಲಿ ಎತ್ತು ಬೆದರಿ ದಿಕ್ಕೆಟ್ಟು ಓಡಿದವು. ಎತ್ತೂ ಗಾಡಿಯೂ ಹುಲ್ಲೊಳಗೆ ನುಗ್ಗಿ ಮುಳುಗೇಹೋದವಂತೆ! ಊರೇ ಎದೆ ಬಡಕೊಂಡಿತು. ಸಣ್ಣೀರಮ್ಮ ಮಾತ್ರ ಎರಡೂ ಕೈಲಿ ಹುಲ್ಲು ಬಗೆದಳಂತೆ, ಬಗೆದಳಂತೆ, ಬಗೆದೇ ಬಗೆದಳಂತೆ.

ಗೌಡ ಬಿದ್ದೂ ಎದ್ದೂ ಓಡಿಬಂದು, ನನ್ನ ಮಗಳು ಎಲ್ಲಿ ಅಂತ ಕೂಗಿದನಂತೆ.

“ನನ್ನ ಮಡಿಲಾಗವಳೆ ಗೌಡ್ರೇ. ಎರಡು ಜೀವವೂ ಐತೆ,” ಅಂದಳಂತೆ ಸಣ್ಣೀರಮ್ಮ.

ಅಬ್ಬಾ, ಎಂಥಾ ಹೆಣ್ಣು! ಮಾರನೇ ದಿನ ಗೌಡ ತಾನೇ ತಲೆ ಮೇಲೆ ಹುಲ್ಲು ಹೊತ್ತು ಅವಳ ಎಮ್ಮೆ ಮುಂದೆ ಇಳಿಸಿದನಂತೆ. ಊರೋರೂ ಹೊರೆ ತಂದು ಬಂಡೆ ಮುಂದೆ ಒಟ್ಟಿದರಂತೆ. ಆಮೇಲೆ ಆ ಹುಲ್ಲಿನ ರಾಶಿ ಎಷ್ಟು ಬೆಳೀತು ಅಂದ್ರೆ, ಆನೆ ಬಿದ್ದರೂ ಗೀರಾಗುತ್ತಿರಲಿಲ್ಲ ಅಂತಾರೆ. ಹೇಳೋರ ಬಾಯಿಗೆ ಬೀಗ ಎಲ್ಲೈತೆ, ಇರಲಿ ಬಿಡಿ.

ಈಗ ಡಾಂಬರು ಬಂತು, ಲಾರಿ ಬಂದವು. ಆ ತಿರುವಲ್ಲಿ ಡ್ರೈವರುಗಳು ನಿಧಾನ ಮಾಡಿ ಒಂದು ಹಿಡಿ ಹುಲ್ಲು ಹಾಕಿಯೇ ಹೋಗೋದು. ನಮ್ಮ ಕಡೆ ಗಾಡಿ ಪಲ್ಟಿ ಆಯ್ತು ಅನ್ನಲ್ಲ, ಡಿಕ್ಕಿ ಆಯ್ತು ಅನ್ನಲ್ಲ, ಮಡಿಲಾಯ್ತು ಅಂತಾರೆ. ಜೀವ ಉಳಿದರೆ ಮಾತ್ರ ಆ ಮಾತು. ಹೋದರೆ ಯಾರೂ ಅದನ್ನ ನಾಲಿಗೆ ಮೇಲೆ ತರಲ್ಲ.

ಗಾಡಿ ಬಿತ್ತು ಅಂತ ಸುದ್ದಿ ಬಂದರೆ ಮನೆ ಹೆಂಗಸು ಎಲ್ಲಿ, ಹೆಂಗೆ ಅಂತ ಇವತ್ತಿಗೂ ಕೇಳಲ್ಲ. ಬಾಗಿಲು ಹಿಡ್ಕೊಂಡು ಒಂದೇ ಮಾತು ಕೇಳ್ತಾಳೆ: “ಮಡಿಲಾ?”

ಹೂಂ ಅಂದಮೇಲೇ ಅವಳು ಉಸಿರು ಬಿಡೋದು.